ಒಂದೇ ಮಠದಲ್ಲಿ ಇರುತ್ತೇನೆ ಅಂತ ಮಾತು ಕೊಟ್ಟ ಸನ್ಯಾಸಿಗಳು ಹಡಗು ಹತ್ತಿದ್ದು ಯಾಕೆ?

ಹಳೇನಕ್ಷೆ:
ಕಥೋಲಿಕ ಮಠಗಳ ಇತಿಹಾಸ ಗೊತ್ತಿರುವವರು ಇಲ್ಲಿ ಇದ್ದಾರೆ ಅಂತ ಕೇಳುತ್ತಿದ್ದೇನೆ. ಬೆನೆಡಿಕ್ಟೈನ್ ಸನ್ಯಾಸಿಗಳು (ಸಂತ ಬೆನೆಡಿಕ್ಟರ ನಿಯಮದಂತೆ ಬದುಕುವವರು) ವ್ರತ ತೊಡುವಾಗ, ಸೇರಿದ ಮಠದಲ್ಲೇ ಸಾಯುವತನಕ ಇರುತ್ತೇನೆ ಅಂತ ಮಾತು ಕೊಡುತ್ತಾರೆ. ಮೌನಕ್ಕೆ ಹೆಸರಾದ ಟ್ರ್ಯಾಪಿಸ್ಟರದ್ದೂ ಅದೇ ನಿಯಮ. ಫ್ರಾನ್ಸಿಸ್ಕನ್ನರಿಗೆ, ಜೆಸ್ವಿಟರಿಗೆ ಈ ಕಟ್ಟು ಇಲ್ಲ, ಅವರು ಊರೂರು ಸುತ್ತುವವರು. ಆದರೆ 19ನೇ ಶತಮಾನದಲ್ಲಿ ನೋಡಿದರೆ ಕೂತಲ್ಲೇ ಕೂರಬೇಕಾದ ಇವರೇ ಬವೇರಿಯಾ (ಈಗಿನ ಜರ್ಮನಿಯ ಭಾಗ), ಫ್ರಾನ್ಸ್, ಐರ್ಲೆಂಡ್, ಸ್ಪೇನ್ ಬಿಟ್ಟು ಅಮೆರಿಕ, ಆಸ್ಟ್ರೇಲಿಯಾ, ಆಫ್ರಿಕಾ ಅಂತ ಹೋಗಿ ಮಠ ಕಟ್ಟಿದ್ದಾರೆ. ಯಾರಾದರೂ ಓಡಿಸಿದರಾ, ಇಲ್ಲ ತಾವಾಗಿಯೇ ಹೋದರಾ? ಪೆನ್ಸಿಲ್ವೇನಿಯಾದ ಸೇಂಟ್ ವಿನ್ಸೆಂಟ್ ಮಠದ ಬಗ್ಗೆ ಯಾರಿಗಾದರೂ ಗೊತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ.

ತುಂಗಾತೀರ:
ಸೇಂಟ್ ವಿನ್ಸೆಂಟ್ ವಿಷಯದಲ್ಲಿ ಉತ್ತರ ಸುಲಭ. ಯಾರೂ ಓಡಿಸಲಿಲ್ಲ. ಅದನ್ನು ಕಟ್ಟಿದ ಬವೇರಿಯಾದ ಸನ್ಯಾಸಿ ಬೋನಿಫೇಸ್ ವಿಮ್ಮರ್ ತಾವೇ ಹಟ ಹಿಡಿದು ಹೋದರು.

ಸ್ವಲ್ಪ ಹಿಂದಿನಿಂದ ಹೇಳಬೇಕು. 1803ರ ಹೊತ್ತಿಗೆ ಬವೇರಿಯಾದಲ್ಲಿ ಸರ್ಕಾರ ಮಠಗಳನ್ನೆಲ್ಲ ಮುಚ್ಚಿ ಆಸ್ತಿ ತಗೊಂಡಿತ್ತು. ಮುಂದೆ ದೊರೆ ಒಂದನೇ ಲುಡ್ವಿಗ್ ಕೆಲವು ಮಠಗಳನ್ನು ಮತ್ತೆ ತೆರೆಸಿದ. ಅದರಲ್ಲಿ ಮೊದಲನೆಯದು ಮೆಟ್ಟೆನ್, 1830ರಲ್ಲಿ. ಎರಡು ವರ್ಷದ ಮೇಲೆ ವಿಮ್ಮರ್ ಅಲ್ಲಿಗೆ ಸೇರಿದರು. ಅಷ್ಟರಲ್ಲಾಗಲೇ ಗುರುಪಟ್ಟ (ಪಾದ್ರಿಯ ದೀಕ್ಷೆ) ಆಗಿತ್ತು. ಮಠ ಬಡವಾಗಿತ್ತು, ಜನ ಕಡಿಮೆ, ಕೆಲಸ ಜಾಸ್ತಿ. ಅಂಥದ್ದರಲ್ಲಿ ಈ ಮನುಷ್ಯನಿಗೆ ದಿನಕ್ಕೊಂದು ಯೋಜನೆ. ಜೊತೆಯ ಸನ್ಯಾಸಿಗಳು ಅದಕ್ಕೆ ಗೇಲಿ ಮಾಡುತ್ತಿದ್ದರು ಕೂಡ.

ಆಗ ಜರ್ಮನ್ನರು ಸಾಲು ಸಾಲಾಗಿ ಅಮೆರಿಕಕ್ಕೆ ಹೋಗುತ್ತಿದ್ದ ಕಾಲ. ಅಲ್ಲಿ ಅವರಿಗೆ ಅವರ ಭಾಷೆಯಲ್ಲಿ ಪಾಪನಿವೇದನೆ ಕೇಳುವ ಪಾದ್ರಿಗಳು ಸಾಕಷ್ಟು ಇರಲಿಲ್ಲ. 1845ರಲ್ಲಿ ವಿಮ್ಮರ್ ಆಗ್ಸ್‌ಬರ್ಗ್‌ನ ಪತ್ರಿಕೆಯೊಂದಕ್ಕೆ ಹೆಸರು ಹಾಕದೆ ಒಂದು ಲೇಖನ ಬರೆದರು. ವಾದ ಏನಂದರೆ, ಒಬ್ಬೊಬ್ಬ ಪಾದ್ರಿಯನ್ನು ಕಳಿಸಿದರೆ ಪ್ರಯೋಜನ ಇಲ್ಲ, ಅವನು ಸತ್ತರೆ ಎಲ್ಲ ಮುಗಿಯಿತು. ಅದರ ಬದಲು ಒಂದು ಮಠ ಇಡಿ, ಅದು ಹೊಲ ಮಾಡಿ ತನ್ನ ಅನ್ನ ತಾನೇ ದುಡಿಯುತ್ತದೆ, ಶಾಲೆ ನಡೆಸುತ್ತದೆ, ಅಲ್ಲಿನ ಹುಡುಗರನ್ನೇ ಪಾದ್ರಿಗಳನ್ನಾಗಿ ಮಾಡುತ್ತದೆ.

1846ರ ಜುಲೈನಲ್ಲಿ ಮ್ಯೂನಿಕ್‌ನಿಂದ ಹೊರಟರು. ಜೊತೆಗೆ 18 ಜನ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ನೋಡಿ. ಆ 18 ಜನರಲ್ಲಿ ಒಬ್ಬರೂ ಸನ್ಯಾಸಿ ಅಲ್ಲ! ಕೆಲವರು ಗುರುಪಟ್ಟಕ್ಕೆ ಓದುತ್ತಿದ್ದವರು, ಉಳಿದವರೆಲ್ಲ ರೈತರು, ಕೈಕಸುಬಿನವರು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದು, ಪೆನ್ಸಿಲ್ವೇನಿಯಾದಲ್ಲಿ ಮೊದಲು ಹೋದ ಜಾಗ ಸರಿಬರದೆ, ಅಕ್ಟೋಬರ್ 18ಕ್ಕೆ ಲಟ್ರೋಬ್ ಹತ್ತಿರದ ಸೇಂಟ್ ವಿನ್ಸೆಂಟ್ ಧರ್ಮಕೇಂದ್ರ ತಲುಪಿದರು. 24ನೇ ತಾರೀಖು ಅವರಿಗೆಲ್ಲ ಸನ್ಯಾಸಿಯ ಬಟ್ಟೆ ಹಾಕಿಸಿದರು. ಅಂದರೆ ಅವರು ಉಳಿಯುತ್ತೇನೆ ಅಂತ ಮಾತು ಕೊಟ್ಟಿದ್ದೇ ಪೆನ್ಸಿಲ್ವೇನಿಯಾದ ಮಠಕ್ಕೆ. ಹಳೆ ಮಠ ಬಿಟ್ಟು ಬಂದವರು ವಿಮ್ಮರ್ ಒಬ್ಬರೇ, ಅವರೂ ಒಪ್ಪಿಗೆ ತಗೊಂಡೇ ಬಂದಿದ್ದರು.

ಹಳೇನಕ್ಷೆ:
ಅಬ್ಬಾ, ಇದು ಗೊತ್ತಿರಲಿಲ್ಲ. ದುಡ್ಡು ಎಲ್ಲಿಂದ ಬಂತು ಹಾಗಾದರೆ?

ತುಂಗಾತೀರ:
ಮುಖ್ಯವಾಗಿ ಬವೇರಿಯಾದಿಂದ. ಲುಡ್ವಿಗ್ ಮಿಷನ್ಸ್‌ಫೆರೈನ್ ಅಂತ ಒಂದು ಸಂಘ 1838ರಲ್ಲಿ ಹುಟ್ಟಿತ್ತು, ಹೊರದೇಶದ ಮಿಷನ್‌ಗಳಿಗೆ ಚಂದಾ ಎತ್ತುವುದೇ ಅದರ ಕೆಲಸ. ದೊರೆಯೂ ಕೊಟ್ಟ. 1848ರಲ್ಲಿ ಲೋಲಾ ಮಾಂಟೆಜ್ ಎಂಬ ನರ್ತಕಿಯ ಗಲಾಟೆಯಲ್ಲಿ ಅವನ ಸಿಂಹಾಸನ ಹೋಯಿತು, ಆದರೆ ಸಿಂಹಾಸನ ಹೋದ ಮೇಲೂ ವಿಮ್ಮರ್‌ಗೆ ನೆರವು ನಿಲ್ಲಿಸಲಿಲ್ಲ.

ಆದರೆ ದುಡ್ಡಿಗಿಂತ ಬ್ರದರ್‌ಗಳ (ಪಾದ್ರಿ ಪಟ್ಟ ಇಲ್ಲದ ಸನ್ಯಾಸಿಗಳ) ದುಡಿಮೆ ದೊಡ್ಡದು. ಕಾಡು ಕಡಿದವರು, ಇಟ್ಟಿಗೆ ಸುಟ್ಟವರು, ಗೋಡೆ ಎತ್ತಿದವರು ಅವರು. 1854ರಲ್ಲಿ ಕಟ್ಟಿದ ಹಿಟ್ಟಿನ ಗಿರಣಿ ಇವತ್ತಿಗೂ ಅಲ್ಲಿ ಇದೆ, ಇವತ್ತಿಗೂ ಹಿಟ್ಟು ಬೀಸುತ್ತಾರೆ. ಇತಿಹಾಸ ಬರೆದವರು ವಿಮ್ಮರ್ ಹೆಸರನ್ನೇ ಜಾಸ್ತಿ ಹೇಳುತ್ತಾರೆ, ನನಗೆ ಅದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ.

ಮಂಗ್ಳೂರು_ಮಳೆ:
ತುಂಗಾತೀರ ಅವರೇ, ಸೇಂಟ್ ವಿನ್ಸೆಂಟ್ ಒಂದನ್ನು ಇಟ್ಟುಕೊಂಡು "ಯಾರೂ ಓಡಿಸಲಿಲ್ಲ" ಅಂದರೆ ಹೇಗೆ ಮಾರಾಯ್ರೆ. ಟ್ರ್ಯಾಪಿಸ್ಟರ ಕಥೆ ಪೂರ್ತಿ ಓಟದ ಕಥೆಯೇ.

ಫ್ರೆಂಚ್ ಕ್ರಾಂತಿ ಆದಾಗ ಅವರ ಮೂಲ ಮಠವಾದ ಲಾ ಟ್ರಾಪ್‌ನ ಕೆಲವರು ಆಗುಸ್ಟಿನ್ ದ ಲೆಸ್ಟ್ರಾಂಜ್ ಎಂಬವರ ಹಿಂದೆ ಸ್ವಿಟ್ಜರ್ಲೆಂಡಿಗೆ ಹೋದರು, 1791ರಲ್ಲಿ. ಲಾ ವಾಲ್‌ಸೆಂತ್ ಎಂಬ ಖಾಲಿ ಮಠದಲ್ಲಿ ನೆಲೆ ಸಿಕ್ಕಿತು. ಫ್ರೆಂಚ್ ಸೈನ್ಯ ಅಲ್ಲಿಗೂ ಬಂತು. 1798ರಲ್ಲಿ ಸನ್ಯಾಸಿಗಳು, ಸಿಸ್ಟರ್‌ಗಳು, ಶಾಲೆಯ ಮಕ್ಕಳು ಎಲ್ಲ ಗಂಟುಮೂಟೆ ಕಟ್ಟಿಕೊಂಡು ಯುರೋಪ್ ದಾಟಿ ರಷ್ಯಾದವರೆಗೆ ಹೋದರು, ಅಲ್ಲಿಂದಲೂ ಕಳಿಸಿಬಿಟ್ಟರು. ಅದೇ ಗುಂಪಿನ ಇನ್ನೊಂದು ಭಾಗ 1794ರಲ್ಲಿ ಇಂಗ್ಲೆಂಡಿನ ಲಲ್‌ವರ್ತ್‌ನಲ್ಲಿ ಉಳಿದುಕೊಂಡಿತು. ಅವರು 1817ರಲ್ಲಿ ಫ್ರಾನ್ಸಿಗೆ ಮರಳಿ ಮೆಲ್ಲೆರೇ ಎಂಬಲ್ಲಿ ಮಠ ತೆರೆದರು. ಆಮೇಲೆ 1830ರ ಕ್ರಾಂತಿ. ಅಷ್ಟು ಹೊತ್ತಿಗೆ ಮೆಲ್ಲೆರೇಯಲ್ಲಿ ಐರಿಷ್ ಹುಡುಗರು ತುಂಬಾ ಇದ್ದರು, 1831ರಲ್ಲಿ ಅವರನ್ನೆಲ್ಲ ಹೊರಗೆ ಹಾಕಿದರು. ಅವರು ಐರ್ಲೆಂಡಿಗೆ ಹೋಗಿ ಮರುವರ್ಷ ಮೌಂಟ್ ಮೆಲ್ಲೆರೇ ಶುರು ಮಾಡಿದರು, ವಾಟರ್‌ಫರ್ಡ್ ಜಿಲ್ಲೆಯ ಬರಡು ಗುಡ್ಡದ ಮೇಲೆ. ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡ್ ಹಸಿವಿನಿಂದ ಸಾಯುತ್ತಿದ್ದಾಗ ಅಲ್ಲಿಂದ ಅಯೋವಾಗೆ ಹೊರಟರು, 1849ರಲ್ಲಿ ನ್ಯೂ ಮೆಲ್ಲೆರೇ. ಎರಡನೇ ತಂಡ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದು ಮಿಸಿಸಿಪ್ಪಿ ನದಿಯ ದೋಣಿ ಹತ್ತಿತು. ದಾರಿಯಲ್ಲೇ ಕಾಲರಾ ಬಂದು ಆರು ಜನ ತೀರಿಕೊಂಡರು.

ಅದೇ ಹೊತ್ತಿಗೆ ಫ್ರಾನ್ಸಿನ ಮೆಲ್ಲೆರೇಯಿಂದಲೂ ಸುಮಾರು 40ಕ್ಕಿಂತ ಹೆಚ್ಚು ಜನ ಕೆಂಟಕಿಗೆ ಹೋದರು. 1848ರ ಡಿಸೆಂಬರ್‌ನಲ್ಲಿ ಗೆತ್ಸೆಮನಿ ಮಠ ಆಯಿತು. ಮುಂದೆ ಹೆಸರಾಂತ ಲೇಖಕ ಸನ್ಯಾಸಿ ಥಾಮಸ್ ಮರ್ಟನ್ ಇದ್ದದ್ದು ಇಲ್ಲೇ. ಇವರೆಲ್ಲ ವ್ರತ ತೊಟ್ಟು ವರ್ಷಗಳಾದ ಸನ್ಯಾಸಿಗಳು. ಇಡೀ ಬಳಗವೇ ಎದ್ದು ಹೋದರೆ ಮಾತು ಮುರಿದಂತೆ ಅಲ್ಲ ಅನ್ನುವುದು ಅವರ ಲೆಕ್ಕ. ಗೋಡೆ ಬದಲಾಯಿತು, ಮನೆಯವರು ಅವರೇ.

ಚೌಕಾಬಾರ:
ಇದಕ್ಕೆಲ್ಲ ಅಜ್ಜ ಕೊಲಂಬಾನಸ್ ಅಲ್ವಾ? ಐರ್ಲೆಂಡಿನ ಬ್ಯಾಂಗರ್ ಮಠದಿಂದ ಸುಮಾರು 590ರಲ್ಲಿ ಹೊರಟವರು. ಈಗಿನ ಫ್ರಾನ್ಸಿನ ಲಕ್ಸೂಯ್‌ನಲ್ಲಿ ಮಠ ಕಟ್ಟಿ, ಅಲ್ಲಿನ ಅರಸು ಮನೆತನದ ಜೊತೆ ಜಗಳ ಆಡಿ ಗಡಿಪಾರಾಗಿ, ಕೊನೆಗೆ ಇಟಲಿಯ ಬೊಬ್ಬಿಯೋದಲ್ಲಿ ಇನ್ನೊಂದು ಕಟ್ಟಿ 615ರಲ್ಲಿ ತೀರಿಕೊಂಡರು. ದಾರಿಯಲ್ಲಿ ಶಿಷ್ಯ ಗ್ಯಾಲಸ್‌ಗೆ ಜ್ವರ, ಇನ್ನು ನಡೆಯಲಾರೆ ಅಂದ. ಗುರುಗಳಿಗೆ ಇದು ನಾಟಕ ಅಂತ ಅನುಮಾನ, "ನಾನು ಬದುಕಿರುವವರೆಗೆ ನೀನು ಬಲಿಪೂಜೆ (ಮಾಸ್) ಮಾಡಕೂಡದು" ಅಂತ ಶಿಕ್ಷೆ ಕೊಟ್ಟು ಹೋದರಂತೆ. ಆ ಶಿಷ್ಯ ಉಳಿದ ಜಾಗದಲ್ಲೇ ಮುಂದೆ ಸೇಂಟ್ ಗ್ಯಾಲೆನ್ ಮಠ ಎದ್ದಿತು. ಅದರ ಗ್ರಂಥಾಲಯ ಇವತ್ತಿಗೂ ಜಗತ್ಪ್ರಸಿದ್ಧ.

ತುಂಗಾತೀರ:
ಅವರ ಕಾಲಕ್ಕೆ ಬೆನೆಡಿಕ್ಟರ ನಿಯಮ ಎಲ್ಲ ಕಡೆ ಹರಡಿರಲಿಲ್ಲ. ಐರಿಷ್ ಸನ್ಯಾಸಿಗಳಿಗೆ ಊರು ಬಿಟ್ಟು ಹೋಗುವುದೇ ತಪಸ್ಸು. ಅದಕ್ಕೇ ಅವರನ್ನು ಈ ಸಾಲಿಗೆ ಸೇರಿಸಲು ನನಗೆ ಸ್ವಲ್ಪ ಹಿಂಜರಿಕೆ.

ಮಂಗ್ಳೂರು ಮಳೆ ಅವರು ಹೇಳಿದ್ದು ಸರಿಯೇ, ಆದರೆ ಓಡಿಸಿಕೊಂಡವರೆಲ್ಲ ಬೇರು ಬಿಡಲಿಲ್ಲ. ಲೆಸ್ಟ್ರಾಂಜ್ ಕಳಿಸಿದ ಟ್ರ್ಯಾಪಿಸ್ಟರು 1805ರಲ್ಲೇ ಕೆಂಟಕಿಗೆ ಬಂದಿದ್ದರು, ಗೆತ್ಸೆಮನಿಗಿಂತ 40 ವರ್ಷ ಮುಂಚೆ. ನಿಲ್ಲಲಿಲ್ಲ. ಇಲಿನಾಯ್‌ಗೆ ಹೋಗಿ ಕಹೋಕಿಯಾದ ಹಳೆಯ ಮಣ್ಣಿನ ದಿಬ್ಬಗಳ ಹತ್ತಿರ ಗುಡಿಸಲು ಹಾಕಿದರು. ಜ್ವರಕ್ಕೆ ಜನ ಸಾಯುತ್ತಾ ಹೋದರು, 1813ರ ಹೊತ್ತಿಗೆ ಬಿಟ್ಟು ಹೋದರು. ಅಲ್ಲಿನ ದೊಡ್ಡ ದಿಬ್ಬಕ್ಕೆ ಮಾಂಕ್ಸ್ ಮೌಂಡ್ ಅಂತ ಹೆಸರು ಬಂದಿದ್ದು ಇವರಿಂದ. ಕಟ್ಟಿದ್ದು ಇವರಿಗಿಂತ ಎಷ್ಟೋ ಶತಮಾನ ಹಿಂದಿನ ಮೂಲನಿವಾಸಿಗಳು, ಹೆಸರು ಮಾತ್ರ ನಾಲ್ಕು ವರ್ಷ ಪಕ್ಕದಲ್ಲಿದ್ದ ಫ್ರೆಂಚ್ ಸನ್ಯಾಸಿಗಳದ್ದು!

ಬೆಣ್ಣೆದೋಸೆ:
ಬಿಯರ್ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ನಾನು ಅದಕ್ಕೇ ಕಾಯುತ್ತಾ ಕೂತಿದ್ದೇನೆ.

ತುಂಗಾತೀರ:
ಹಹ್ಹ, ಬಂತು ತಗೊಳ್ಳಿ. ಬವೇರಿಯಾದವರಿಗೆ ಬಿಯರ್ ಅಂದರೆ ಊಟದ ಭಾಗ. ವಿಮ್ಮರ್ ಬಳಗ ಬ್ರೂವರಿ ನಡೆಸಲು ಹೊರಟಿತು. ಆದರೆ ಪಿಟ್ಸ್‌ಬರ್ಗ್ ಬಿಷಪ್ ಮೈಕೆಲ್ ಓಕಾನರ್ ಐರಿಷ್, ಮೇಲಾಗಿ ಪಾನನಿಷೇಧದ ಪರ. ಕುಡಿತದಿಂದ ಹಾಳಾದ ಐರಿಷ್ ಕೂಲಿಗಳನ್ನು ಕಣ್ಣಾರೆ ಕಂಡವರು. ಮಠದಲ್ಲೇ ಬಿಯರ್ ಮಾಡಿದರೆ ನಾನು ಜನಕ್ಕೆ ಯಾವ ಮುಖದಿಂದ ಬೋಧನೆ ಮಾಡಲಿ ಅನ್ನುವುದು ಅವರ ಸಂಕಟ. ಅದೂ ಅರ್ಥವಾಗುವಂಥದ್ದೇ. ವಿಷಯ ರೋಮ್‌ವರೆಗೆ ಹೋಗಿ 1852ರಲ್ಲಿ ಅನುಮತಿ ಸಿಕ್ಕಿತು.

ಬಿಯರ್ ಬರೀ ಮೇಲ್ನೋಟದ ಜಗಳ. ಅಸಲಿ ಪ್ರಶ್ನೆ, ಮಠ ಯಾರ ಮಾತು ಕೇಳಬೇಕು? ಜಾಗ ಕೊಟ್ಟ ಬಿಷಪ್‌ಗೆ ತನ್ನ ಧರ್ಮಪ್ರಾಂತ್ಯಕ್ಕೆ ಪಾದ್ರಿಗಳು ಬೇಕು, ಐರಿಷ್ ಹುಡುಗರನ್ನೂ ಸೇರಿಸಿ ಓದಿಸಬೇಕು. ವಿಮ್ಮರ್‌ಗೆ ಜರ್ಮನ್ನರಿಗಾಗಿ, ತನ್ನದೇ ಆಡಳಿತದ ಮಠ ಬೇಕು. 1855ರಲ್ಲಿ ವಿಮ್ಮರ್ ತಾವೇ ರೋಮ್‌ಗೆ ಹೋದರು. ಪೋಪ್ ಒಂಬತ್ತನೇ ಪಯಸ್ ಸೇಂಟ್ ವಿನ್ಸೆಂಟನ್ನು ಪೂರ್ಣ ಮಠದ ದರ್ಜೆಗೆ ಏರಿಸಿ ವಿಮ್ಮರ್ ಅವರನ್ನೇ ಆಬಟ್ (ಮಠಾಧಿಪತಿ) ಮಾಡಿದರು. ಆಮೇಲೆ ಬಿಷಪ್ ಹಿಡಿತ ಸಡಿಲವಾಯಿತು.

ಅಲ್ಲಿಂದ ಮುಂದೆ ತಡೆಯೇ ಇಲ್ಲ. 1856ರಲ್ಲಿ ಮಿನೆಸೋಟಾಗೆ ಜನ ಕಳಿಸಿದರು, ಅದೇ ಇವತ್ತಿನ ಸೇಂಟ್ ಜಾನ್ಸ್. ಆಮೇಲೆ ಕ್ಯಾನ್ಸಸ್‌ನ ಆಚಿಸನ್, ನ್ಯೂಜೆರ್ಸಿಯ ನ್ಯೂವಾರ್ಕ್, 1876ರಲ್ಲಿ ಉತ್ತರ ಕೆರೊಲಿನಾದ ಬೆಲ್ಮಾಂಟ್. 1887ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಯೋಜನೆ ಹಾಕುವ ಚಟ ಹೋಗಲಿಲ್ಲ.

ಸಂಪಿಗೆಮರ:
ಇಷ್ಟು ಹೊತ್ತು ಬರೀ ಗಂಡಸರ ಕಥೆ ಆಯಿತು. ಸಿಸ್ಟರ್ ಬೆನೆಡಿಕ್ಟಾ ರೀಪ್ ಹೆಸರು ಯಾಕೆ ಯಾರೂ ಹೇಳುವುದಿಲ್ಲ?

ಬವೇರಿಯಾದ ಐಶ್‌ಸ್ಟೆಟ್‌ನ ಸೇಂಟ್ ವಾಲ್ಬರ್ಗ್ ಮಠದಿಂದ 1852ರಲ್ಲಿ ಇನ್ನಿಬ್ಬರು ಸಿಸ್ಟರ್‌ಗಳ ಜೊತೆ ಪೆನ್ಸಿಲ್ವೇನಿಯಾಗೆ ಬಂದವರು. ವಯಸ್ಸು 27. ಕರೆಸಿಕೊಂಡದ್ದು ವಿಮ್ಮರ್ ಅವರೇ, ವಲಸೆ ಬಂದ ಜರ್ಮನ್ನರ ಮಕ್ಕಳಿಗೆ ಪಾಠ ಹೇಳಲು. ಸೇಂಟ್ ಮೇರೀಸ್ ಎಂಬ ಊರಿನಲ್ಲಿ ನೆಲೆ. ಬಂದ ಮೇಲೆ ಗೊತ್ತಾಗಿದ್ದು, ಯಾರನ್ನು ಸೇರಿಸಿಕೊಳ್ಳಬೇಕು, ಯಾವಾಗ ವ್ರತ ಕೊಡಬೇಕು, ಎಲ್ಲಿ ಹೊಸ ಮನೆ ಮಾಡಬೇಕು, ಎಲ್ಲ ಆಬಟ್ ಹೇಳಿದ ಹಾಗೆ. ಬವೇರಿಯಾದಿಂದ ಸಿಸ್ಟರ್‌ಗಳಿಗೆ ಅಂತ ಬಂದ ದುಡ್ಡು ಸನ್ಯಾಸಿಗಳ ಕೆಲಸಕ್ಕೆ ಹೋಯಿತು ಅನ್ನುವ ದೂರು ಬೇರೆ. ರೀಪ್ ಸುಮ್ಮನಿರಲಿಲ್ಲ. 1857ರಲ್ಲಿ ಯುರೋಪಿಗೆ ಹೋದರು, ತಮ್ಮ ಮನೆಗಳು ತಮ್ಮ ಕೈಯಲ್ಲೇ ಇರಬೇಕು ಅಂತ ಕೇಳಲು. 1859ರಲ್ಲಿ ರೋಮ್ ತೀರ್ಪು ಕೊಟ್ಟಿತು, ಸಿಸ್ಟರ್‌ಗಳು ವಿಮ್ಮರ್ ಕೆಳಗೂ ಅಲ್ಲ, ರೀಪ್ ಕೆಳಗೂ ಅಲ್ಲ, ಆಯಾ ಊರಿನ ಬಿಷಪ್ ಕೆಳಗೆ. ಅಂದರೆ ಇಬ್ಬರೂ ಸೋತರು. ಆದರೆ ವಿಮ್ಮರ್‌ಗೆ ಇನ್ನೂ ಅರ್ಧ ಅಮೆರಿಕ ಇತ್ತು, ಈಕೆಗೆ ಏನೂ ಉಳಿಯಲಿಲ್ಲ. 1862ರ ಮಾರ್ಚ್‌ನಲ್ಲಿ ಮಿನೆಸೋಟಾದ ಸೇಂಟ್ ಕ್ಲೌಡ್‌ನಲ್ಲಿ ಕ್ಷಯದಿಂದ ತೀರಿಕೊಂಡರು, 36ನೇ ವಯಸ್ಸಿಗೆ. ಅಮೆರಿಕದ ಬೆನೆಡಿಕ್ಟೈನ್ ಸಿಸ್ಟರ್‌ಗಳ ಮನೆಗಳಲ್ಲಿ ಬಹುಪಾಲು ಈಕೆಯಿಂದ ಬೆಳೆದದ್ದು.

ಬಿಷಪ್ ಮುಂದೆ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಮನುಷ್ಯ ಸಿಸ್ಟರ್‌ಗಳ ಮುಂದೆ ತಾನೇ ಬಿಷಪ್ ಆದ. ನನಗಂತೂ ಇದು ಮರೆಯುವ ವಿಷಯ ಅಲ್ಲ.

ತುಂಗಾತೀರ:
ಒಪ್ಪಿದೆ ಮೇಡಂ. ವಿಮ್ಮರ್ ಪರ ವಾದ ಮಾಡಲು ಇಲ್ಲಿ ಜಾಗವೇ ಇಲ್ಲ.

ಅಡ್ಡಮಳೆ:
ಎಲ್ಲರೂ "ಕಾಡು ಕಡಿದರು, ನೆಲೆ ನಿಂತರು" ಅಂತ ಹೇಳುತ್ತಿದ್ದೀರಿ. ಕಾಡು ಯಾರದ್ದು ಸ್ವಾಮಿ? ಮಿನೆಸೋಟಾದಲ್ಲಿ ಇದೇ ಬೆನೆಡಿಕ್ಟೈನ್ ಸನ್ಯಾಸಿಗಳು, ಸಿಸ್ಟರ್‌ಗಳು 1878ರಿಂದ ವೈಟ್ ಅರ್ತ್ ಎಂಬಲ್ಲಿ ಓಜಿಬ್ವೆ ಎಂಬ ಮೂಲನಿವಾಸಿ ಜನರ ನಡುವೆ ಇದ್ದರು. ಮಕ್ಕಳನ್ನು ಮನೆಯಿಂದ ದೂರ ಇಟ್ಟು ಭಾಷೆ, ಬಟ್ಟೆ ಎಲ್ಲ ಬದಲಿಸುವ ವಸತಿ ಶಾಲೆಗಳಿದ್ದವಲ್ಲ, ಅಂಥದ್ದನ್ನು ಇವರೂ ನಡೆಸಿದರು. ತಮ್ಮ ಮಕ್ಕಳು ಜರ್ಮನ್ ಮರೆಯಬಾರದು ಅಂತ ಮಠ ಕಟ್ಟಿದವರು ಬೇರೆಯವರ ಮಕ್ಕಳ ಭಾಷೆ ಬಿಡಿಸಿದರು.

ಪಶ್ಚಿಮ ಆಸ್ಟ್ರೇಲಿಯಾದ ನ್ಯೂ ನಾರ್ಸಿಯಾ ಮಠದ್ದು ಇನ್ನೊಂದು ಕಥೆ. ಸ್ಪೇನ್‌ನಲ್ಲಿ 1835ರಲ್ಲಿ ಮಠಗಳನ್ನು ಮುಚ್ಚಿದಾಗ, ಇದನ್ನು ಕಟ್ಟಿದ ಬೆನೆಡಿಕ್ಟೈನ್ ರೊಸೆಂಡೋ ಸಾಲ್ವಾಡೋ ಇಟಲಿಗೆ ಹೋಗಿ, ಅಲ್ಲಿಂದ ಹೋಸೆ ಸೆರ್ರಾ ಜೊತೆ 1846ರಲ್ಲಿ ಪರ್ತ್‌ನಲ್ಲಿ ಇಳಿದರು. ಕೈಯಲ್ಲಿ ಕಾಸಿಲ್ಲ ಅಂತ ಪರ್ತ್ ಜನರ ಮುಂದೆ ಪಿಯಾನೋ ನುಡಿಸಿ ದುಡ್ಡು ಎತ್ತಿದ್ದು ಎಲ್ಲ ಪುಸ್ತಕದಲ್ಲೂ ಬರುತ್ತದೆ. ಚೆನ್ನಾಗಿದೆ. ಆದರೆ ಅಲ್ಲಿನ ಮೂಲನಿವಾಸಿ ಮಕ್ಕಳನ್ನು ಅನಾಥಾಲಯಗಳಲ್ಲಿ ಇಟ್ಟ ಕಥೆ, ಮಕ್ಕಳ ಮೇಲಿನ ದೌರ್ಜನ್ಯ ವಿಚಾರಿಸಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್‌ನಲ್ಲಿ ಈ ಮಠದ ಹೆಸರು ಬಂದ ಕಥೆ, ಅದೂ ಇದೇ ಇತಿಹಾಸ.

ಮಂಗ್ಳೂರು_ಮಳೆ:
ಸರಿಯಾದ ಮಾತು. ಸಾಲ್ವಾಡೋ ಸ್ವತಃ ಮೂಲನಿವಾಸಿಗಳ ಭಾಷೆ ಕಲಿತು ಬರೆದಿಟ್ಟವರು, ಆ ಕಾಲದ ಬಿಳಿಯರಿಗೆ ಹೋಲಿಸಿದರೆ ಎಷ್ಟೋ ಮೃದು. 1900ರಲ್ಲಿ ಅವರು ಹೋದ ಮೇಲೆ ಮಠದ ದಾರಿಯೇ ಬದಲಾಯಿತು ಅಂತ ಹೇಳುವವರಿದ್ದಾರೆ. ಆದರೂ ಅನಾಥಾಲಯ ಶುರುವಾದದ್ದು ಅವರ ಕಾಲದಲ್ಲೇ, ಅದನ್ನು ಮುಚ್ಚಿಡುವುದು ಬೇಡ.

ಹಳೇನಕ್ಷೆ:
ಆಫ್ರಿಕಾದ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಟ್ರ್ಯಾಪಿಸ್ಟರು ಇದ್ದರಲ್ವಾ?

ಚೌಕಾಬಾರ:
ಇದ್ದರು, ಮತ್ತೆ ಅದಕ್ಕೂ ನಮಗೂ ಒಂದು ನಂಟು ಇದೆ. ಮರಿಯಾನ್‌ಹಿಲ್ ಅಂತ, ಡರ್ಬನ್ ಹತ್ತಿರ, 1882ರಲ್ಲಿ ಆಸ್ಟ್ರಿಯಾದ ಫ್ರಾಂಜ್ ಫಾನರ್ ಕಟ್ಟಿದ್ದು. ಅದಕ್ಕೂ ಮೊದಲು ಬೋಸ್ನಿಯಾದ ಬಾನ್ಯಾ ಲೂಕಾದಲ್ಲಿ ಒಂದು ಮಠ ಕಟ್ಟಿ ಬಂದಿದ್ದರು. ಕೆಲವೇ ವರ್ಷದಲ್ಲಿ ಮರಿಯಾನ್‌ಹಿಲ್ ಲೋಕದಲ್ಲೇ ದೊಡ್ಡ ಟ್ರ್ಯಾಪಿಸ್ಟ್ ಮಠ ಆಯಿತು. ಮುದ್ರಣ, ಚಮ್ಮಾರಿಕೆ, ಬಡಗಿ ಕೆಲಸ ಎಲ್ಲ ಜುಲು ಹುಡುಗರಿಗೆ ಕಲಿಸುತ್ತಿದ್ದರು.

1895ರಲ್ಲಿ ಅಲ್ಲಿಗೆ ಗಾಂಧೀಜಿ ಹೋಗಿದ್ದರು. ಆಗ ಅವರು ಡರ್ಬನ್‌ನಲ್ಲಿ ಯುವ ವಕೀಲ. ಲಂಡನ್‌ನ ಸಸ್ಯಾಹಾರಿಗಳ ಪತ್ರಿಕೆಗೆ ಮಠದ ಬಗ್ಗೆ ಲೇಖನ ಬರೆದರು. ಮೌನ, ಮಾಂಸ ಇಲ್ಲದ ಊಟ, ಕೈ ಕೆಲಸ, ಬಣ್ಣದ ಭೇದ ಇಲ್ಲದಿರುವುದು, ಇದೆಲ್ಲ ಅವರಿಗೆ ಬಹಳ ಹಿಡಿಸಿತು. ಮುಂದೆ ಗಾಂಧೀಜಿಯ ಗೆಳೆಯ ಕ್ಯಾಲೆನ್‌ಬಾಕ್ ಇದೇ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದು ಕಲಿತು ಬಂದು ಗಾಂಧೀಜಿಗೆ ಹೇಳಿಕೊಟ್ಟರು, ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸಿದ ಆಶ್ರಮ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಚಪ್ಪಲಿ ಮಾಡುವ ಕೆಲಸ ಬಂದದ್ದು ಹಾಗೆ.

ಆದರೆ ಫಾನರ್ ಗತಿ ಚೆನ್ನಾಗಿರಲಿಲ್ಲ. ಮೌನ ಪಾಲಿಸಬೇಕಾದ ಸನ್ಯಾಸಿಗಳು ಊರೂರಲ್ಲಿ ಶಾಲೆ ನಡೆಸಿದರೆ ನಿಯಮ ಎಲ್ಲಿ ಉಳಿಯುತ್ತದೆ? ಮೇಲಿನವರು 1892ರಲ್ಲಿ ಅವರನ್ನು ಹುದ್ದೆಯಿಂದ ಅಮಾನತು ಮಾಡಿದರು. 1909ರಲ್ಲಿ ರೋಮ್ ಮರಿಯಾನ್‌ಹಿಲ್ಲನ್ನು ಟ್ರ್ಯಾಪಿಸ್ಟರಿಂದಲೇ ಬೇರೆ ಮಾಡಿ ಸ್ವತಂತ್ರ ಮಿಷನ್ ಸಂಘ ಮಾಡಿತು. ಅದೇ ವರ್ಷ ಫಾನರ್ ತೀರಿಕೊಂಡರು.

ಕೆಂಗೇರಿ_ಗೇಟ್:
ಭಾರತಕ್ಕೂ ಬಂದಿದ್ದಾರೆ, ಅದೂ ನಮ್ಮ ಕಡೆಗೇ. ಇಂಗ್ಲಿಷ್ ಬೆನೆಡಿಕ್ಟೈನ್ ಬೀಡ್ ಗ್ರಿಫಿತ್ಸ್ 1955ರಲ್ಲಿ ಬಂದಾಗ ಮೊದಲು ನೆಲೆ ನಿಂತದ್ದು ಕೆಂಗೇರಿಯಲ್ಲಿ. ಆಗ ಅದು ಬರೀ ಹಳ್ಳಿ. ತಾವು ಬಡವರ ಹಾಗೆ ಬದುಕುತ್ತಿದ್ದೇವೆ ಅಂತ ಅವರ ಲೆಕ್ಕ, ಆದರೆ ಸುತ್ತಲಿನ ಜನರ ಕಣ್ಣಿಗೆ ಮೇಜು, ಕುರ್ಚಿ, ಮಂಚ ಇಟ್ಟುಕೊಂಡ ಇವರು ಸಾಹುಕಾರರು! ಆ ಪ್ರಯತ್ನ ಅವರ ಕೈಯಲ್ಲಿ ನಿಲ್ಲಲಿಲ್ಲ. 1958ರಲ್ಲಿ ಕೇರಳಕ್ಕೆ ಹೋಗಿ ಬೆಲ್ಜಿಯಂನ ಟ್ರ್ಯಾಪಿಸ್ಟ್ ಫ್ರಾನ್ಸಿಸ್ ಮಹಿಯು ಜೊತೆ ವಾಗಮನ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಕಟ್ಟಿದರು. ಕಾವಿ ಬಟ್ಟೆ, ಬರಿಗಾಲು, ಸಿರಿಯಾಕ್ ಪದ್ಧತಿಯ ಪ್ರಾರ್ಥನೆ, ಜೊತೆಗೆ ಹಸು ಸಾಕಿ ಹಾಲಿನ ವ್ಯಾಪಾರ. ಹತ್ತು ವರ್ಷದ ಮೇಲೆ ಗ್ರಿಫಿತ್ಸ್ ತಮಿಳುನಾಡಿನ ಶಾಂತಿವನಕ್ಕೆ ಹೋದರು, ಅದನ್ನು 1950ರಲ್ಲಿ ಇಬ್ಬರು ಫ್ರೆಂಚರು ಶುರು ಮಾಡಿದ್ದರು.

ಕೆಂಗೇರಿಯ ಕೆಲಸ ಬೆಲ್ಜಿಯಂನ ಸೇಂಟ್ ಆಂಡ್ರ್ಯೂಸ್ ಮಠದವರ ಕೈಗೆ ಹೋಯಿತು. ಅದೇ ಈಗಿನ ಕುಂಬಳಗೋಡಿನ ಆಶೀರ್ವನಂ. ಈಗ ಅಲ್ಲಿರುವವರು ಭಾರತೀಯರೇ.

ಬೆಣ್ಣೆದೋಸೆ:
ಮೈಸೂರು ರಸ್ತೆಯಲ್ಲಿ ಅಷ್ಟು ಸಲ ಹೋಗಿದ್ದೇನೆ, ಅಲ್ಲಿ ಬೆನೆಡಿಕ್ಟೈನ್ ಮಠ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಹಳೇನಕ್ಷೆ:
ಒಂದು ಕೊನೆ ಪ್ರಶ್ನೆ. ಮೂಲ ಮಠಗಳು ಈಗ ಹೇಗಿವೆ?

ಮಂಗ್ಳೂರು_ಮಳೆ:
ಮೆಟ್ಟೆನ್ ಇದೆ, ಸೇಂಟ್ ವಿನ್ಸೆಂಟ್ ಅದಕ್ಕಿಂತ ದೊಡ್ಡದಾಗಿದೆ. ಟ್ರ್ಯಾಪಿಸ್ಟರ ಕಡೆ ಮಾತ್ರ ಬೇಸರ. ಫ್ರಾನ್ಸಿನ ಮೆಲ್ಲೆರೇಯಿಂದ ಸನ್ಯಾಸಿಗಳು 2016ರಲ್ಲಿ ಹೊರಟರು. ಐರ್ಲೆಂಡಿನ ಮೌಂಟ್ ಮೆಲ್ಲೆರೇ 2025ರ ಜನವರಿಯಲ್ಲಿ ಮುಚ್ಚಿತು. ಈ ಎರಡು ಮಠಗಳಿಂದ ಹೋದವರು ಕಟ್ಟಿದ ಗೆತ್ಸೆಮನಿ, ನ್ಯೂ ಮೆಲ್ಲೆರೇ ಇನ್ನೂ ನಡೆಯುತ್ತಿವೆ, ಆದರೆ ಅಲ್ಲೂ ವಯಸ್ಸಾದವರೇ ಜಾಸ್ತಿ. ನ್ಯೂ ಮೆಲ್ಲೆರೇಯವರ ಜೀವನೋಪಾಯ ಶವಪೆಟ್ಟಿಗೆ ಮಾಡುವುದು, ಸ್ವಂತ ಕಾಡಿನ ಮರದಲ್ಲಿ.

ನನ್ನ ಪ್ರಕಾರ ಉಳಿದದ್ದು ಯಾವುದು ಅಂತ ನೋಡಿದರೆ, ಸ್ಥಳೀಯ ಹುಡುಗರು ಸೇರಿದ ಮಠಗಳು. ಹಂಗೇರಿಯ ಜಿರ್ಟ್ಸ್ ಮಠವನ್ನು ಕಮ್ಯುನಿಸ್ಟ್ ಸರ್ಕಾರ 1950ರಲ್ಲಿ ಮುಚ್ಚಿಸಿದಾಗ ತಪ್ಪಿಸಿಕೊಂಡ ಸಿಸ್ಟರ್ಸಿಯನ್ ಸನ್ಯಾಸಿಗಳು (ಟ್ರ್ಯಾಪಿಸ್ಟರ ಸೋದರ ಪಂಗಡ) ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಮಠ ಕಟ್ಟಿದರು. ಹಂಗೇರಿಯಿಂದ ಹೊಸಬರು ಬರುವ ದಾರಿಯೇ ಇರಲಿಲ್ಲ. 1962ರಲ್ಲಿ ಹುಡುಗರ ಶಾಲೆ ತೆರೆದರು, ಅಲ್ಲಿ ಓದಿದ ಟೆಕ್ಸಾಸ್ ಹುಡುಗರಲ್ಲೇ ಕೆಲವರು ಮುಂದೆ ಸನ್ಯಾಸಿಗಳಾದರು.

ಅಡ್ಡಮಳೆ:
ಅದೃಷ್ಟ ಅನ್ನುವುದೂ ಇದೆ. ವಿನ್ಸೆಂಟ್ ಮೆರ್ಲ್ ಕಥೆ ಗೊತ್ತಾ? ಅಮೆರಿಕದಲ್ಲಿ ಟ್ರ್ಯಾಪಿಸ್ಟರ ಪ್ರಯತ್ನ ಎಲ್ಲ ಸೋತ ಮೇಲೆ 1815ರಲ್ಲಿ ಉಳಿದವರು ಫ್ರಾನ್ಸಿಗೆ ವಾಪಸ್ ಹೊರಟರು. ಹಡಗು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನಿಂತಾಗ ಮೆರ್ಲ್ ಏನೋ ಕೆಲಸ ಅಂತ ದಡಕ್ಕೆ ಹೋದರು, ಅಷ್ಟರಲ್ಲಿ ಗಾಳಿ ತಿರುಗಿ ಹಡಗು ಹೊರಟುಬಿಟ್ಟಿತು. ಇವರು ಅಲ್ಲೇ ಉಳಿದರು. 1825ರಲ್ಲಿ ನೋವಾ ಸ್ಕೋಶಿಯಾದಲ್ಲಿ ಪೆಟಿ ಕ್ಲೇರ್ವೋ ಎಂಬ ಮಠ ಕಟ್ಟಿದರು. ಅದು 1900ರಲ್ಲಿ ರೋಡ್ ಐಲ್ಯಾಂಡಿಗೆ ಹೋಯಿತು, 1950ರಲ್ಲಿ ಬೆಂಕಿ ಬಿದ್ದು ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್‌ಗೆ ಹೋಯಿತು. ಅಲ್ಲಿಂದ ಕೊಲರಾಡೊ, ಅರ್ಜೆಂಟೀನಾದಲ್ಲೂ ಮಠಗಳಾದವು.

ಬೆಣ್ಣೆದೋಸೆ ಅವರಿಗೆ: ಈ ಸ್ಪೆನ್ಸರ್‌ನವರೇ ಅಮೆರಿಕದ ಮೊದಲ ಟ್ರ್ಯಾಪಿಸ್ಟ್ ಬಿಯರ್ ಮಾಡಿದ್ದು.

ಬೆಣ್ಣೆದೋಸೆ:
ಎಲ್ಲಿ ಸಿಗುತ್ತೆ??

ಅಡ್ಡಮಳೆ:
ಇನ್ನು ಸಿಗಲ್ಲ. 2022ರಲ್ಲಿ ಲಾಭ ಇಲ್ಲ ಅಂತ ಬ್ರೂವರಿ ಮುಚ್ಚಿದರು. ಜ್ಯಾಮ್ ಮಾಡುತ್ತಾರೆ, ಅದು ಬೇಕಾದರೆ ನೋಡಿ.